ಇಪ್ಪತ್ಮೂರನೆಯ ಪುಟದ ತಾಯತ

1999ರ ಆಗಸ್ಟ್ 4, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಚಾಮರಾಜಪೇಟೆಯಲ್ಲಿದ್ದ ನಮ್ಮ ಮಾಸಪತ್ರಿಕೆಯ ಕಚೇರಿಗೆ ಮೂವರು ಮೆಟ್ಟಿಲು ಹತ್ತಿ ಬಂದರು. ಕೆಳಗೆ ಬೈಂಡಿಂಗ್ ಅಂಗಡಿ, ಮೇಲೆ ನಾವು. ಸಂಪಾದಕರು ಇನ್ನೂ ಬಂದಿರಲಿಲ್ಲ. ನಾನೊಬ್ಬನೇ ಕುಳಿತು ಸೆಪ್ಟೆಂಬರ್ ಸಂಚಿಕೆಗೆ ಬಂದಿದ್ದ ಲೇಖನಗಳ ಪುಟ ಎಣಿಸುತ್ತಿದ್ದೆ. ಮುಂದೆ ಇದ್ದವರು ಬೂದು ಬಣ್ಣದ ಸಫಾರಿ ತೊಟ್ಟಿದ್ದರು. ಅವರ ಕೈಯಲ್ಲಿ ನಮ್ಮ ಆಗಸ್ಟ್ ಸಂಚಿಕೆ ಇತ್ತು. ಇಪ್ಪತ್ಮೂರನೆಯ ಪುಟ ಮೇಲೆ ಬರುವಂತೆ ಮಡಚಿತ್ತು.

“ಕೂತ್ಕೋಬೋದಾ ಸಾರ್?” ಎಂದು ಕೇಳಿ ಕುಳಿತರು. ಉಳಿದಿಬ್ಬರು ಬಾಗಿಲಲ್ಲೇ ನಿಂತರು.

“ಇಸ್ರೇಲ್ ಬಗ್ಗೆ ಬರ್ದಿರೋದು ನೀವೇನಾ?”

“ಹೌದು.”

“ಚೆನ್ನಾಗಿದೆ. ತುಂಬಾ ಓದ್ಕೊಂಡಿದೀರ. ಈ ಚಿತ್ರ ಬರ್ದೋರು ಯಾರು?”

ಪುಟವನ್ನು ನನ್ನ ಕಡೆ ತಿರುಗಿಸಿದರು. ಎರಡು ಅಂಗುಲದ ರೇಖಾಚಿತ್ರ: ದಾರಕ್ಕೆ ಕಟ್ಟಿದ ಒಂದು ತಾಯತ. ಅದರ ಮೇಲೆ ದೀಪದ ಗುರುತು, ದೀಪದ ಕೆಳಗೆ ಮೂರು ಗೆರೆ. ನನಗೆ ಏನೂ ಅರ್ಥವಾಗಲಿಲ್ಲ. “ಹೊರಗಿನವರು ಬರೆದುಕೊಡುತ್ತಾರೆ, ಹೆಸರು ನೋಡಬೇಕು” ಎಂದೆ.

“ನೋಡಿ. ನಿಧಾನವಾಗಿ ನೋಡಿ. ನಮಗೇನ್ ಅರ್ಜೆಂಟಿಲ್ಲ.” ಎದ್ದು ನಿಂತು ಕೇಳಿದರು: “ಮನೆ ಎಲ್ಲಿ ನಿಮ್ದು?”

“ಮಲ್ಲೇಶ್ವರ.”

“ಎಷ್ಟನೇ ಕ್ರಾಸು?”

ನಾನು ಹೇಳಿಬಿಟ್ಟೆ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವುದು ನನಗೆ ರೂಢಿ. ಅವರು ಹೋದ ಮೇಲೆ ಪೆನ್ನು ಎತ್ತಿಕೊಳ್ಳಲು ಹೋದೆ, ಬೆರಳು ಮಡಚಲಿಲ್ಲ. ಡೈರಿಯಲ್ಲಿ ಆ ಭೇಟಿಯ ಅವಧಿ ‘ಏಳು ನಿಮಿಷ’ ಎಂದಿದೆ. ಅಕ್ಷರ ನನ್ನದೆಂದು ಗುರುತು ಹಿಡಿಯಲಾಗುವುದಿಲ್ಲ.

ಲೇಖನ ಸಿದ್ಧವಾದ ಬಗೆಯನ್ನು ಇಲ್ಲಿ ಹೇಳಬೇಕು. ಮೇ ತಿಂಗಳಲ್ಲಿ ಇಸ್ರೇಲಿನಲ್ಲಿ ಚುನಾವಣೆ ನಡೆದಿತ್ತು. ಅಲ್ಲಿನ ಸಂಸತ್ತಿನಲ್ಲಿ ನೂರ ಇಪ್ಪತ್ತು ಸ್ಥಾನ. ಹದಿನೈದು ಪಕ್ಷಗಳು ಒಳಗೆ ಬಂದಿದ್ದವು, ಅವುಗಳಲ್ಲಿ ಕೆಲವು ಧರ್ಮಗುರುಗಳ ಮಾತಿನಂತೆ ನಡೆಯುವ ಪಕ್ಷಗಳು. ಯಾರೇ ಸರ್ಕಾರ ಮಾಡಲಿ, ಇವರ ಬೆಂಬಲ ಬೇಕು. ಬೆಂಬಲ ಬೇಕೆಂದರೆ ಮದುವೆಯ ಕಾನೂನು, ಶನಿವಾರದ ವಿಶ್ರಾಂತಿ, ಧಾರ್ಮಿಕ ಶಾಲೆಗಳು ಎಲ್ಲವೂ ಚರ್ಚೆಗೆ ಬರುತ್ತವೆ. ನಮ್ಮ ಸಂಪಾದಕರು ನಿವೃತ್ತ ಅಧ್ಯಾಪಕರು. “ಇದನ್ನ ಸರಿಯಾಗಿ ಬರಿ. ಗುಂಡು, ಯುದ್ಧ ಬಿಟ್ರೆ ಆ ದೇಶದ ಬಗ್ಗೆ ನಮ್ಮೋರಿಗೆ ಏನೂ ಗೊತ್ತಿಲ್ಲ” ಎಂದಿದ್ದರು. ನಾನು ಗ್ರಂಥಾಲಯಕ್ಕೆ ಒಂಬತ್ತು ಸಲ ಹೋಗಿ, ಮೂವತ್ತೊಂದು ಕಾರ್ಡುಗಳಲ್ಲಿ ಟಿಪ್ಪಣಿ ಮಾಡಿಕೊಂಡೆ. ಅದರಲ್ಲಿ ಹತ್ತೊಂಬತ್ತನೆಯ ಕಾರ್ಡು: 1996ರ ಚುನಾವಣೆಯಲ್ಲಿ ಒಂದು ಧಾರ್ಮಿಕ ಪಕ್ಷದವರು ವೃದ್ಧ ಗುರುವೊಬ್ಬರ ಆಶೀರ್ವಾದ ಪಡೆದ ತಾಯತಗಳನ್ನು ಮತದಾರರಿಗೆ ಹಂಚಿದರು, ಆಮೇಲೆ ಚುನಾವಣೆಯಲ್ಲಿ ತಾಯತ ಹಂಚಬಾರದೆಂದು ಅಲ್ಲಿ ಕಾನೂನೇ ಬಂತು. ಓದುಗರಿಗೆ ಇದು ಹಿಡಿಸುತ್ತದೆ ಎನ್ನಿಸಿ, ಅದನ್ನೇ ಲೇಖನದ ಮೊದಲಿಗೆ ಇಟ್ಟೆ.

ಫೋಟೊ ಸಿಗಲಿಲ್ಲ. ನಮ್ಮ ಸಣ್ಣ ಚಿತ್ರಗಳನ್ನು ನಗರ್ತಪೇಟೆಯಲ್ಲಿದ್ದ ಒಬ್ಬ ಹಿರಿಯ ಕಲಾವಿದರು ಬರೆದುಕೊಡುತ್ತಿದ್ದರು. ಮೊದಲು ಬಳೆ ಡಬ್ಬಿಗಳ ಮೇಲಿನ ಚೀಟಿಗಳಿಗೆ ಹೂಬಳ್ಳಿ ಬರೆಯುತ್ತಿದ್ದವರು. ಜುಲೈ ತಿಂಗಳ ಮಧ್ಯದಲ್ಲಿ ಅವರಿಗೆ ನಾನು ಕಳಿಸಿದ ಚೀಟಿಯ ನಕಲು ನನ್ನಲ್ಲಿದೆ: ‘ತಾಯತದ ಚಿತ್ರ, ಎರಡು ಅಂಗುಲ ಅಗಲ. ಕಲ್ಪನೆಯಿಂದ ಬೇಡ. ನಿಜವಾದ ತಾಯತ ಎದುರಿಗೆ ಇಟ್ಟುಕೊಂಡು ಬರೆಯಿರಿ.’ ಹಿಂದಿನ ಸಂಚಿಕೆಯಲ್ಲಿ ಅವರು ಕಲ್ಪನೆಯಿಂದ ಬರೆದ ಹಡಗಿಗೆ ಚುಕ್ಕಾಣಿಯೇ ಇರಲಿಲ್ಲ, ಓದುಗರೊಬ್ಬರು ಕಾಗದ ಬರೆದಿದ್ದರು. ಹಾಗಾಗಿ ಈ ಎಚ್ಚರ. ಪುಟ ಅಂಟಿಸುವ ಮುಂಚೆ ನೋಡಲು ನಾನು ಹದಿನಾಲ್ಕು ಅಂಶಗಳ ಪಟ್ಟಿ ಇಟ್ಟುಕೊಂಡಿದ್ದೆ. ಹನ್ನೊಂದನೆಯದು ‘ಚಿತ್ರಕ್ಕೂ ವಿಷಯಕ್ಕೂ ಹೊಂದಿಕೆ’. ಅದರ ಮುಂದೆ ಸರಿ ಗುರುತು ಇದೆ. ನಾನೇ ಹಾಕಿದ್ದು.

ಬುಧವಾರ ಮಧ್ಯಾಹ್ನವೇ ಅವರ ಮನೆಗೆ ಹೋದೆ. ಮುಂದಿನ ಕೋಣೆಯ ತುಂಬ ಮದುವೆಯ ಲಗ್ನಪತ್ರಿಕೆಗಳ ಕಟ್ಟು. ಅವರು ಮತ್ತು ಅವರ ಹೆಂಡತಿ ಮೂಲೆಗೆ ಅರಿಶಿನ ಹಚ್ಚುತ್ತಿದ್ದರು. ನಾನು ವಿಷಯ ಹೇಳಿದೆ. ಅವರು ಎಡ ತೋಳಿನ ಅಂಗಿ ಮೇಲಕ್ಕೆ ಸರಿಸಿದರು. ದೀಪ, ಅದರ ಕೆಳಗೆ ಮೂರು ಗೆರೆ.

“ಎದುರಿಗೆ ಇಟ್ಕೊಂಡು ಬರೀರಿ ಅಂದ್ರಲ್ಲ ಸಾರ್. ನನ್ ಹತ್ರ ಇದ್ದಿದ್ದೇ ಇದು.”

“ಲೇಖನ ಓದಲಿಲ್ಲವಾ?”

“ಇಸ್ರೇಲ್ ವಿಷಯ ಅಂದ್ರಿ. ನಂಗೇನ್ ಗೊತ್ತಾಗುತ್ತೆ ಅಂತ ಓದ್ಲಿಲ್ಲ.”

ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೇಳಿದರು: “ಚುಕ್ಕಾಣಿ ಇಲ್ದಿದ್ ಹಡಗೇ ವಾಸಿ ಇತ್ತು.”

ಆ ತಾಯತ ಬಳೇಪೇಟೆಯ ಹಿಂದಿನ ಗಲ್ಲಿಯ ಒಂದು ಮಠದ್ದು. ಅವರು ಅಲ್ಲಿಯ ಹಳೆಯ ಭಕ್ತರು. ಆಮೇಲೆ ತಿಳಿದದ್ದು ಇನ್ನೂ ಕೆಟ್ಟದ್ದು. ನಮ್ಮಲ್ಲೂ ಚುನಾವಣೆ ಹತ್ತಿರವಿತ್ತು. ಆ ಭಾಗದ ಒಬ್ಬ ಅಭ್ಯರ್ಥಿಯ ಕಡೆಯವರು ಜುಲೈ ಎರಡನೇ ವಾರದಿಂದ ಮನೆಮನೆಗೆ ಹೋಗಿ ಅದೇ ತಾಯತವನ್ನು ಕರಪತ್ರದ ಜೊತೆ ಕೊಡುತ್ತಿದ್ದರು. ಕಚೇರಿಗೆ ಬಂದಿದ್ದ ಸಫಾರಿಯವರೂ ಆ ಕಡೆಯವರೇ. “ನಮ್ಮನೇಗೂ ಬಂದಿದ್ರು. ನಾಲ್ಕು ಕೊಟ್ಟೋದ್ರು, ಮನೇಲಿ ನಾಲ್ಕು ಓಟಿದೆ ಅಂತ” ಎಂದರು ಕಲಾವಿದರು. ನಾನು ಮಲ್ಲೇಶ್ವರದವನು, ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು, ಆದರೆ ನನ್ನ ಲೇಖನದಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಇಬ್ಬರೂ ಸೇರಿ, ಯಾರೂ ಧೈರ್ಯ ಮಾಡದಿದ್ದ ಆರೋಪವೊಂದನ್ನು ಚಿತ್ರ ಸಮೇತ ಅಚ್ಚು ಹಾಕಿದ್ದೆವು.

ಅವರ ಮಗಳ ಮದುವೆ ಆಗಸ್ಟ್ 22ರ ಭಾನುವಾರ. ಮಠದ ಕಲ್ಯಾಣ ಮಂಟಪದಲ್ಲಿ.

“ಮಂಟಪ ಹೋದ್ರೆ ಇನ್ನೊಂದು ನೋಡ್ಬೋದು. ಬೀಗರು ಅದೇ ಮಠದೋರು ಸಾರ್. ಮಠದ ಮಾನ ಕಳ್ದೋನ್ ಮಗಳನ್ನ ತರ್ತೀವಾ ಅಂತ ಕೂತ್ರೆ ಮುಗೀತು.” ಅಂಗಿ ಕೆಳಗೆ ಎಳೆದುಕೊಂಡು, “ನನ್ ಹೆಸರು ಹೇಳ್ಬಿಟ್ರಾ?” ಎಂದು ಕೇಳಿದರು.

“ಇಲ್ಲ.”

“ಹೇಳ್ತೀರಾ?”

ಇಲ್ಲ ಎಂದೆ. ಹೇಳುವಾಗ ನನಗೆ ನಂಬಿಕೆ ಇರಲಿಲ್ಲ. ನನ್ನ ಮನೆಯ ಕ್ರಾಸನ್ನು ಕೇಳಿದ ಕೂಡಲೇ ಹೇಳಿದವನು ನಾನು.

ಮುಂದಿನ ದಿನಗಳ ಲೆಕ್ಕ ಡೈರಿಯಲ್ಲಿ ಹೀಗಿದೆ. ಗುರುವಾರ ಕಚೇರಿಗೆ ಆರು ಫೋನ್ ಕರೆ, ಅವುಗಳಲ್ಲಿ ನಾಲ್ಕರಲ್ಲಿ ಯಾರೂ ಮಾತಾಡಲಿಲ್ಲ. ಶುಕ್ರವಾರ ಒಂಬತ್ತು. ಗಾಂಧಿಬಜಾರಿನ ಎರಡು ಅಂಗಡಿಗಳಿಂದ ಪತ್ರಿಕೆಯ ಕಟ್ಟುಗಳು ಬಿಚ್ಚದೆಯೇ ವಾಪಸು ಬಂದವು. ಶನಿವಾರ ಸಂಜೆ ಐದೂವರೆಗೆ ಮನೆ ಸೇರಿದಾಗ, ಮೊದಲ ದಿನ ಬಾಗಿಲಲ್ಲಿ ನಿಂತಿದ್ದ ಇಬ್ಬರಲ್ಲಿ ಒಬ್ಬ ನಮ್ಮ ಜಗುಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದ. ನನ್ನ ತಾಯಿ ಪಕ್ಕದಲ್ಲೇ ನಿಂತಿದ್ದರು.

“ಪಾಪ, ಅರ್ಧ ಗಂಟೆಯಿಂದ ಗೇಟ್ ಹತ್ರ ನಿಂತಿದ್ರು ಕಣೋ. ನಿನ್ ಫ್ರೆಂಡಂತೆ. ಒಳಗ್ ಬನ್ನಿ ಅಂದ್ರೂ ಬರ್ಲಿಲ್ಲ.”

ಅವನು ಲೋಟ ಕೆಳಗಿಟ್ಟು, “ಕಾಫಿ ಚೆನ್ನಾಗಿತ್ತಮ್ಮಾ. ನಿಮ್ ಮಗ ತುಂಬಾ ಚೆನ್ನಾಗಿ ಬರೀತಾರೆ. ಕೈ ಜೋಪಾನ ಮಾಡ್ಕೊಳೋಕೆ ಹೇಳಿ” ಎಂದು ಹೊರಟುಹೋದ.

“ಎಷ್ಟು ಮರ್ಯಾದಸ್ತ” ಎಂದರು ತಾಯಿ. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಬಹಳ ಹೊತ್ತು ನಿಂತೆ. ಆಮೇಲೆ ಎಂಟು ದಿನ ತಾಯಿಯನ್ನು ಒಬ್ಬರನ್ನೇ ತರಕಾರಿಗೆ ಕಳಿಸಲಿಲ್ಲ. ಕಾರಣವನ್ನೂ ಹೇಳಲಿಲ್ಲ.

ಆಗಸ್ಟ್ 9, ಸೋಮವಾರ, ಸಫಾರಿಯವರು ಮತ್ತೆ ಬಂದರು. ಈ ಸಲ ಸಂಪಾದಕರು ಇದ್ದರು. ಬಂದವರು ಟೈಪ್ ಮಾಡಿಸಿದ ಕ್ಷಮಾಪಣೆಯನ್ನು ಮೇಜಿನ ಮೇಲಿಟ್ಟರು. ‘ಈ ಕುಚೋದ್ಯದ ಚಿತ್ರವನ್ನು ಬರೆದ’ ಎಂಬುದರ ಮುಂದೆ ಹೆಸರಿಗೆ ಜಾಗ ಖಾಲಿ ಬಿಟ್ಟಿತ್ತು.

“ಹೆಸರು ತುಂಬ್ಸಿ, ಸೆಪ್ಟೆಂಬರ್ ಸಂಚಿಕೆಯ ಮೊದಲ್ನೇ ಪುಟದಲ್ಲಿ ಹಾಕಿ. ಅಲ್ಲಿಗೆ ಮುಗೀತು ಮೇಷ್ಟ್ರೇ.”

ಅವರು ಹೋದ ಮೇಲೆ ಸಂಪಾದಕರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಯಾರಯ್ಯಾ ಬರ್ದಿದ್ದು? ಆ ನಗರ್ತಪೇಟೆಯವ್ರೇ ತಾನೆ?”

ನಾನು ಮದುವೆಯ ವಿಷಯ ಹೇಳಿದೆ.

“ನಾನೂ ಹೆದರಿದೀನಿ ಕಣಯ್ಯಾ. ಸುಳ್ಳು ಹೇಳಲ್ಲ. ಇಪ್ಪತ್ತೆರಡು ವರ್ಷದ ಪತ್ರಿಕೆ ಇದು. ಕೆಳಗೆ ಬೈಂಡಿಂಗ್ ಅಂಗಡಿ ತುಂಬ ಪೇಪರ್ರು, ಒಂದು ಕಡ್ಡಿ ಗೀರಿದ್ರೆ ಸಾಕು. ಬುಧವಾರ ಸಂಜೆವರೆಗೂ ಟೈಮ್ ಕೊಡ್ತೀನಿ. ಅಷ್ಟರಲ್ಲಿ ನೀನು ಇನ್ನೇನಾದ್ರೂ ದಾರಿ ತೋರ್ಸಿದ್ರೆ ಸರಿ. ಇಲ್ದಿದ್ರೆ ಹೆಸರು ಬರೀತೀನಿ.”

ಆ ಸಂಜೆ ಕಾಗದದ ಮೇಲೆ ದಾರಿಗಳನ್ನು ಬರೆದು ಒಂದೊಂದನ್ನೇ ಹೊಡೆದುಹಾಕಿದೆ. ಪೊಲೀಸರಿಗೆ ಹೇಳಿದರೆ ಹೆಸರು ಕೇಳುತ್ತಾರೆ. ಅಭ್ಯರ್ಥಿಯ ಹತ್ತಿರ ಹೋಗುವುದು ಎಂದರೆ ಸಫಾರಿಯವರ ಹತ್ತಿರವೇ ಹೋದಂತೆ. ಮಠ ಮಾತ್ರ ಉಳಿಯಿತು. ಮಠದವರು ಈವರೆಗೆ ಒಂದು ಮಾತೂ ಆಡಿರಲಿಲ್ಲ, ಮಾತೆಲ್ಲ ಪಕ್ಷದವರದ್ದೇ. ನೇರವಾಗಿ ಅಲ್ಲಿಗೇ ಹೋಗಿ, ತಾಯತ ನನ್ನದು, ನಾನೇ ಕೊಟ್ಟು ಬರೆಸಿದ್ದು ಎಂದರೆ ತಪ್ಪು ನನ್ನ ಮೇಲೆ ನಿಲ್ಲುತ್ತದೆ. ಹಾಗೆ ಹೇಳಬೇಕಾದರೆ ನನ್ನ ತೋಳಿನ ಮೇಲೆ ಒಂದು ತಾಯತ ಇರಬೇಕು.

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಮಠಕ್ಕೆ ಹೋದೆ. ಹನ್ನೆರಡು ಜನರ ಸಾಲು. ಕೊನೆಯಲ್ಲಿ ತಗ್ಗು ಮೇಜಿನ ಹಿಂದೆ ಐವತ್ತು ದಾಟಿದ ಗುಮಾಸ್ತರೊಬ್ಬರು ದಪ್ಪ ರಿಜಿಸ್ಟರ್ ಇಟ್ಟುಕೊಂಡು, ಎಡಗೈಯಲ್ಲಿ ಬರೆಯುತ್ತಿದ್ದರು. ನನ್ನ ಲೆಕ್ಕಾಚಾರದಲ್ಲಿ ಇದೊಂದು ಇರಲಿಲ್ಲ. ಆ ಮಠದಲ್ಲಿ ತಾಯತ ಕಟ್ಟಿಸಿಕೊಂಡ ಪ್ರತಿಯೊಬ್ಬರ ಹೆಸರು, ಊರು, ಕಾರಣ, ತಾರೀಖು ಬರೆದಿಡುತ್ತಾರೆ. ವಾಪಸು ಹೋಗೋಣವೆಂದುಕೊಳ್ಳುವಷ್ಟರಲ್ಲಿ ನನ್ನ ಸರದಿ ಬಂತು.

“ಹೆಸರು?”

ಹೇಳಿದೆ. “ಮಲ್ಲೇಶ್ವರ” ಎಂದೂ ಹೇಳಿದೆ.

“ಕಾರಣ? ಪರೀಕ್ಷೆನಾ, ಕೋರ್ಟಾ, ಮೈ ಸರಿಯಿಲ್ವಾ?”

“ಭಯ.”

ತಲೆ ಎತ್ತಿ ನೋಡಿದರು. “ಯಾರ ಭಯ?”

ನಾನು ಅಂಗಿಯ ತೋಳು ಮಡಚತೊಡಗಿದೆ.

“ಸರಿ ಬಿಡಿ. ಭಯ ಅಂತ್ಲೇ ಬರ್ಕೋತೀನಿ. ಯಾರದೂ ಅಂತ ಕಾಲಂ ಇಲ್ಲ.” ಬರೆದು, ತಾರೀಖು ಹಾಕಿದರು. ಆಗಸ್ಟ್ 10. ಪತ್ರಿಕೆ ಅಂಗಡಿಗೆ ಬಂದು ಒಂಬತ್ತು ದಿನವಾಗಿತ್ತು. ದಾರ ಕಟ್ಟಿ, ಗಂಟನ್ನು ಎರಡು ಸಲ ಬಿಗಿದರು.

ಬುಧವಾರ, ಆಗಸ್ಟ್ 11. ಭೀಮನ ಅಮಾವಾಸ್ಯೆ, ಸಂಜೆ ಸೂರ್ಯಗ್ರಹಣ. ಹಿಂದಿನ ದಿನವೇ ಮಠದ ಆಡಳಿತಾಧಿಕಾರಿಯ ಭೇಟಿ ಕೇಳಿಕೊಂಡಿದ್ದೆ. ಗ್ರಹಣಕ್ಕೆ ಮುಂಚೆ ಎಲ್ಲ ಮುಗಿಯಬೇಕೆಂದು ಅವರು ಮಧ್ಯಾಹ್ನ ಮೂರಕ್ಕೆ ಬರಹೇಳಿದ್ದರು. ಬಳೇಪೇಟೆಯಲ್ಲಿ ಆಗಲೇ ಅಂಗಡಿಗಳ ಬಾಗಿಲು ಎಳೆಯುತ್ತಿದ್ದರು. ಒಳಗೆ ಹೋದರೆ ಸಫಾರಿಯವರು ಮೊದಲೇ ಬಂದು ಕುಳಿತಿದ್ದರು. ಯಾರು ಹೇಳಿ ಕಳಿಸಿದರೋ ಗೊತ್ತಿಲ್ಲ.

ಆಡಳಿತಾಧಿಕಾರಿ ವಯಸ್ಸಾದವರು. ಲೇಖನವನ್ನು ಓದಿದ್ದರು, ಕೆಲವು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು.

“ಅಲ್ಲಿ ಕಾನೂನು ಮಾಡಿ ನಿಲ್ಸಿದ್ರು ಅಂತ ಬರ್ದಿದೀರಲ್ಲ, ನಿಜವಾ?”

“ನಿಜ. ಎರಡು ಕಡೆ ಓದಿ ಖಚಿತ ಮಾಡಿಕೊಂಡೆ.”

“ಹಂಚಿದ್ದು ಪಕ್ಷದೋರಾ, ಗುರುಗಳಾ?”

“ಗುರುಗಳು ಆಶೀರ್ವಾದ ಮಾಡಿದ್ದು, ಪಕ್ಷದವರು ಹಂಚಿದ್ದು.”

ಅವರು ಸಫಾರಿಯವರ ಕಡೆ ಒಮ್ಮೆ ನೋಡಿದರು. ಸಫಾರಿಯವರು, “ಬುದ್ಧೀ, ಆ ದೇಶದ ವಿಷಯ ಯಾಕೆ ಈಗ? ನಮ್ಮ ತಾಯತ ಅಲ್ಲಿಗೆ ಹೆಂಗ್ ಹೋಯ್ತು, ಅದು ಕೇಳಿ” ಎಂದರು.

ನಾನು ಅಂಗಿಯ ತೋಳು ಸರಿಸಿದೆ. “ಇದು ನನ್ನದು. ಇದನ್ನು ಕೊಟ್ಟು ನೋಡಿ ಬರೆಯಿರಿ ಎಂದವನು ನಾನೇ. ಬರೆದವರಿಗೆ ಯಾವ ಲೇಖನಕ್ಕೆ ಎಂದೂ ಗೊತ್ತಿರಲಿಲ್ಲ.”

“ನೀವು ಈ ಮಠಕ್ಕೆ ನಡ್ಕೊಳೋರಲ್ವಲ್ಲ. ಯಾವಾಗ ಕಟ್ಟಿಸ್ಕೊಂಡ್ರಿ?”

“ಜುಲೈನಲ್ಲಿ.”

ಹತ್ತು ವರ್ಷದಿಂದ ಡೈರಿ ಬರೆಯುತ್ತಿದ್ದೆ. ತಾರೀಖಿನ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.

“ರಿಜಿಸ್ಟರ್ ತರ್ಸಿ ಬುದ್ಧೀ. ಗೊತ್ತಾಗ್ಲಿ” ಎಂದರು ಸಫಾರಿಯವರು.

ಗುಮಾಸ್ತರು ರಿಜಿಸ್ಟರ್ ಹಿಡಿದು ಬಂದರು. “ಇವರು ಜುಲೈನಲ್ಲಿ ಕಟ್ಟಿಸ್ಕೊಂಡ್ರಂತೆ, ನೋಡಿ” ಎಂದರು ಆಡಳಿತಾಧಿಕಾರಿ. ನನ್ನನ್ನು ನೋಡಿದರು. ಹಿಂದಿನ ದಿನ ಎರಡು ಸಲ ಗಂಟು ಬಿಗಿದವರು ಅವರು, ಮರೆತಿರಲು ಸಾಧ್ಯವಿಲ್ಲ. ನಿಂತುಕೊಂಡೇ ಪುಸ್ತಕ ತೆರೆದರು. ನಾನು ಎರಡಡಿ ದೂರದಲ್ಲಿ ಕುಳಿತಿದ್ದೆ. ಅವರ ಬೆರಳು ನಿಂತದ್ದು, ಬರೆದು ತುಂಬಿದ್ದ ಪುಟಗಳ ಪೈಕಿ ಕೊನೆಯ ಪುಟದಲ್ಲಿ.

“ಹೆಸರಿದೆ” ಎಂದರು. “ಮಲ್ಲೇಶ್ವರ. ಕಾರಣ, ಭಯ ಅಂತಿದೆ.”

ಆಡಳಿತಾಧಿಕಾರಿಗೆ ನಗು ಬಂತು. “ಭಯ ಇದ್ದೋನು ಇಂಥಾ ಚಿತ್ರ ಹಾಕ್ಸೋದಾ?”

“ತಾರೀಖು?” ಎಂದರು ಸಫಾರಿಯವರು.

“ಜುಲೈ ಒಂಬತ್ತು, ಶುಕ್ರವಾರ.”

ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಸಫಾರಿಯವರು ಕೈ ಚಾಚಿದರು. ಆಗ ಆಡಳಿತಾಧಿಕಾರಿ ಎದ್ದು, “ಸಾಕು. ಸ್ನಾನಕ್ಕೆ ಹೊತ್ತಾಯ್ತು, ಗ್ರಹಣ ಹಿಡಿಯುತ್ತೆ. ಭಕ್ತನ ತಾಯತ, ಭಕ್ತನ ಚಿತ್ರ. ಬರ್ದ ಕೈ ಯಾರ್ದಾದ್ರೇನು, ಇವರು ಒಪ್ಕೊಂಡಿದಾರೆ. ಇವರ ಹೆಸರಲ್ಲೇ ಒಂದು ಸ್ಪಷ್ಟನೆ ಹಾಕ್ಲಿ” ಎಂದರು.

ಹೊರಗೆ ಗಲ್ಲಿಯಲ್ಲಿ ಸಫಾರಿಯವರು ನನ್ನ ತೋಳಿನ ಮೇಲೆ, ಸರಿಯಾಗಿ ತಾಯತದ ಮೇಲೆ, ಕೈ ಇಟ್ಟರು. “ದಾರ ಹೊಸದಾಗೇ ಇದ್ಯಲ್ಲ ಗುರು” ಎಂದಷ್ಟೇ ಹೇಳಿ ಹೋದರು. ಚಾಮರಾಜಪೇಟೆವರೆಗೆ ನಡೆದೇ ಬಂದೆ. ಗ್ರಹಣಕ್ಕೆ ಹೆದರಿ ರಸ್ತೆ ಖಾಲಿಯಾಗಿತ್ತು. ಹನ್ನೊಂದು ಸಲ ಹಿಂದೆ ತಿರುಗಿ ನೋಡಿದೆ. ಸಂಪಾದಕರಿಗೆ ವಿಷಯ ಹೇಳಿ, ಮನೆಗೆ ಬಂದು, ಡೈರಿಯ ಜುಲೈ 9ರ ಪುಟ ತೆರೆದು, ‘ಬೆಳಿಗ್ಗೆ ಮಠಕ್ಕೆ ಹೋಗಿ ತಾಯತ ಕಟ್ಟಿಸಿಕೊಂಡೆ’ ಎಂದು ಒಂದು ಸಾಲು ಸೇರಿಸಿದೆ. ಶಾಯಿಯ ಬಣ್ಣ ಬೇರೆ ಇರುವುದು ಇವತ್ತಿಗೂ ಕಾಣುತ್ತದೆ.

ಸ್ಪಷ್ಟನೆಯನ್ನು ನಾನೇ ಬರೆದೆ. ಅದರಲ್ಲಿ ಹೀಗಿತ್ತು: ‘ಈ ಚಿತ್ರಕ್ಕೂ ನಮ್ಮ ಊರಿನ ಯಾವುದೇ ಮಠಕ್ಕೂ, ಪಕ್ಷಕ್ಕೂ, ಚುನಾವಣೆಗೂ ಸಂಬಂಧವಿಲ್ಲ. ಅಂಥ ಸಂಗತಿ ಇಲ್ಲಿ ನಡೆದಿರುವುದೂ ನನಗೆ ತಿಳಿದಿಲ್ಲ.’ ಕೊನೆಯ ವಾಕ್ಯ ಸುಳ್ಳು. ಒಂದು ಮನೆಗೆ ನಾಲ್ಕು ಓಟಿಗೆ ನಾಲ್ಕು ಕೊಟ್ಟದ್ದು ನನಗೆ ತಿಳಿದಿತ್ತು. ಅದೇ ತಿಂಗಳು ಇಸ್ರೇಲಿನಲ್ಲಿ, ವಿದ್ಯುತ್ ಸ್ಥಾವರದ ದೊಡ್ಡದೊಂದು ಯಂತ್ರಭಾಗವನ್ನು ಶನಿವಾರ ಸಾಗಿಸಿದರೆಂದು ಧಾರ್ಮಿಕ ಪಕ್ಷವೊಂದು ಸರ್ಕಾರ ಬಿಡುವ ಮಾತಾಡಿತು. ಸಂಪಾದಕರು ಅದರ ಮೇಲೆ ಎರಡು ಪುಟ ಕೇಳಿದರು. ಅಲ್ಲಿಯವರು ಸಂಸತ್ತಿನಲ್ಲಿ ನಿಂತು ಕೂಗಾಡಿ ತೀರಿಸಿಕೊಳ್ಳುತ್ತಿದ್ದರು. ಇಲ್ಲಿ ಯಾರೂ ದನಿ ಏರಿಸಿರಲಿಲ್ಲ, ಕಾಫಿ ಕುಡಿದು ಹೋಗಿದ್ದರು. ಮೂರು ದಿನ ಕುಳಿತು ಆರು ಸಾಲು ಬರೆದೆ. ಆಮೇಲೆ ಆಗುವುದಿಲ್ಲವೆಂದು ಹೇಳಿಬಿಟ್ಟೆ.

ಆಗಸ್ಟ್ 22ರಂದು ಮದುವೆ ನಡೆಯಿತು. ಕಲಾವಿದರು ನನ್ನ ಕೈ ಹಿಡಿದರು. ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತೆ. ಕೈ ತೊಳೆಯುವಲ್ಲಿ ಗುಮಾಸ್ತರು ಸಿಕ್ಕರು. ಹೇಗೆ ಶುರು ಮಾಡುವುದೆಂದು ಯೋಚಿಸುತ್ತಿದ್ದಾಗ ಅವರೇ ಕೇಳಿದರು:

“ಊಟ ಆಯ್ತಾ?”

“ಆಯ್ತು. ನಿಮ್ಮ ಹತ್ತಿರ ಒಂದು ಮಾತು...”

“ಆಯ್ತಲ್ಲ, ಹೊರಡಿ. ನನ್ ಜೊತೆ ನಿಂತಿರೋದು ಯಾರ್ ಕಣ್ಣಿಗೂ ಬೀಳೋದ್ ಬೇಡ.”

ಚುನಾವಣೆ ಮುಗಿಯಿತು. ಆ ಅಭ್ಯರ್ಥಿ ಗೆದ್ದರೋ ಸೋತರೋ ಬರೆಯುವುದಿಲ್ಲ, ಬರೆದರೆ ಗುರುತು ಸಿಗುತ್ತದೆ. ಅಕ್ಟೋಬರ್ 20, ಬುಧವಾರ, ಬೆಳಿಗ್ಗೆ ಎಂಟಕ್ಕೆ ಮಠಕ್ಕೆ ಹೋದೆ. ತಗ್ಗು ಮೇಜಿನ ಹಿಂದೆ ಬೇರೆಯವರು ಕುಳಿತಿದ್ದರು. ರಿಜಿಸ್ಟರ್ ಹೊಸದು. “ಹಳೇ ಗುಮಾಸ್ತರು?” ಎಂದೆ. “ಇಲ್ಲ” ಎಂದರು. “ಊರಿಗೆ ಹೋದರಾ?” “ಇಲ್ಲ ಅಂದ್ನಲ್ಲ. ಕಾರಣ ಏನ್ ಬರೀಲಿ ಹೇಳಿ, ಹಿಂದೆ ಜನ ನಿಂತಿದಾರೆ.” ಆಮೇಲೆ ಇನ್ನೂ ಮೂರು ಸಲ ಹೋದೆ. ಅವರ ಹೆಸರನ್ನು ಕೂಡ ಯಾರೂ ಹೇಳಲಿಲ್ಲ.

ಈಗ 2004. ಕಲಾವಿದರು ಹೋದ ವರ್ಷ ತೀರಿಕೊಂಡರು. ಅವರ ಮಗಳನ್ನು ಕೇಳಿ, ಅವರು ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಈ ಐದು ವರ್ಷಗಳಲ್ಲಿ ಸಫಾರಿಯವರ ಭಯ ಕರಗಿದೆ. ಆ ರಿಜಿಸ್ಟರನ್ನು ಆಮೇಲೆ ಯಾರು ತೆರೆದು ನೋಡಿದರು ಎಂಬ ಭಯ ಕರಗಿಲ್ಲ. ನನ್ನ ಹೆಸರು ಅದರಲ್ಲಿ ಆಗಸ್ಟ್ 10ರ ಸಾಲಿನಲ್ಲಿತ್ತು. ಅದನ್ನು ಜುಲೈ ಒಂಬತ್ತು ಎಂದು ಓದಿ ಹೇಳಿದ ದನಿ ಆ ಗುಮಾಸ್ತರದ್ದು.

ಬಳೇಪೇಟೆ, ನಗರ್ತಪೇಟೆ ಕಡೆಯ ಓದುಗರಲ್ಲಿ ನನ್ನದೊಂದು ಕೇಳಿಕೆ. 1999ರವರೆಗೆ ಅಲ್ಲಿಯ ಒಂದು ಮಠದಲ್ಲಿ ತಾಯತದ ರಿಜಿಸ್ಟರ್ ಬರೆಯುತ್ತಿದ್ದ, ಐವತ್ತು ದಾಟಿದ, ಎಡಗೈಯಲ್ಲಿ ಬರೆಯುವ ಗುಮಾಸ್ತರನ್ನು ಬಲ್ಲವರು ಯಾರಾದರೂ ಇದ್ದರೆ, ಅವರು ತಾವಾಗಿಯೇ ಕೆಲಸ ಬಿಟ್ಟರೇ, ಬಿಡಿಸಿದರೇ, ಈಗ ಎಲ್ಲಿದ್ದಾರೆ ಎಂದು ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ನಿಮ್ಮ ಹೆಸರು ಹಾಕದಿದ್ದರೂ ನಡೆಯುತ್ತದೆ.